ಬಾಯಲ್ಲಿ ನಿಂತ ಒಂದೇ ಅರ್ಥ

ನನ್ನ ಬಾಯಲ್ಲಿ ಅರ್ಥ ನಿಲ್ಲುವುದಿಲ್ಲ ಎಂದು ನಮ್ಮೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ, ನನ್ನ ಗಂಟೇನು ಹೋಗುತ್ತದೆ. ಬಸ್ಸು ಬಂದು ಹುಣಸೆಮರ ಸುತ್ತಿಕೊಂಡು ವಾಪಸು ತಿರುಗುವ ಜಾಗದಲ್ಲಿ ಒಂದು ಹಿಟ್ಟಿನ ಗಿರಣಿ ಇದೆ, ಅದು ನಮ್ಮದು. ಒಳಗೆ ಮಿಷನ್ ಓಡಿಸುವವರು ನಮ್ಮ ಯಜಮಾನರು, ಮುರಿಗೆಪ್ಪ. ಹೊರಗೆ ತಕ್ಕಡಿಯ ಮುಂದೆ ಕೂತು ರಾಗಿ, ಗೋಧಿ, ಮೆಣಸಿನಕಾಯಿ ತೂಗಿ, ಡಬ್ಬಿಗಳನ್ನು ಸಾಲಿಗಿಟ್ಟು, ಕಾಯುವ ಹೆಂಗಸರ ಜೊತೆ ಮಾತಾಡುವವಳು ನಾನು, ಸರ್ವಮಂಗಳ. ಆ ಮಿಷನ್ನಿನ ಸದ್ದಿನಲ್ಲಿ ಮಾತಾಡಿ ಏನು ಪ್ರಯೋಜನ ಎಂದು ಅವರು ಯಾವಾಗಲೋ ಮಾತು ಬಿಟ್ಟರು. ಅವರ ಪಾಲಿನ ಮಾತನ್ನೂ ನಾನೇ ಆಡಿಕೊಂಡು ಬಂದಿದ್ದೇನೆ.

ನಮ್ಮೂರಿನಲ್ಲಿ ಬಸ್ಸು, ಲೈಟು, ಟಿಕೆಟ್ಟು, ಡಾಕ್ಟರು ಇವೆಲ್ಲ ಎಲ್ಲರವೂ ಹೌದು. ದೊಡ್ಡ ಇಂಗ್ಲಿಷ್ ಪದಗಳ ಮಾತೇ ಬೇರೆ. ದೊಡ್ಡ ಪದದ ಸದ್ದು ಎಲ್ಲರ ಬಾಯಲ್ಲೂ ಇರಬಹುದು, ಅರ್ಥ ಮಾತ್ರ ಒಮ್ಮೆಗೆ ಒಬ್ಬರ ಹತ್ತಿರವೇ ಇರುತ್ತದೆ. ಅದು ಬೇಕು ಅಂದರೆ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಅವರ ಮನೆಗೆ ಹೋಗಬೇಕು. ಅವರು ಕೂರಿಸಿ ಬಿಡಿಸಿ ಹೇಳುತ್ತಾರೆ. ಕೇಳಿದವರು ತಮ್ಮದೇ ಬದುಕಿನಿಂದ ಒಂದು ಉದಾಹರಣೆ ಕೊಡಬೇಕು. ಉದಾಹರಣೆ ಸರಿ ಬಿತ್ತೋ, ಅರ್ಥ ಈ ಕಡೆಗೆ ಬಂತು. ಕೊಟ್ಟವರು ಕಣ್ಣು ಪಿಳಿಪಿಳಿ ಬಿಟ್ಟು, "ಏನು ಹೇಳ್ತಿದ್ದೆ ನಾನು?" ಎಂದು ಕೇಳುತ್ತಾರೆ. ಆಗ ಅವರಿಗೊಂದು ಲೋಟ ನೀರು ಕೊಡುವುದು ರೂಢಿ.

ಇದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೇವೆ. ಶಾಲೆಯಲ್ಲಿ ಪರೀಕ್ಷೆ ಬಂದರೆ ಮೇಷ್ಟರು ಒಂದೊಂದು ಮಗುವಿಗೂ ಅದರದರ ಪದವನ್ನೇ ಕೇಳುತ್ತಾರೆ. ಹೆಣ್ಣು ಕೊಡುವಾಗ ಹುಡುಗಿಯ ಹತ್ತಿರ ಯಾವ ಪದವಿದೆ ಎಂದು ಬೀಗರು ವಿಚಾರಿಸುತ್ತಾರೆ. ಯಾರಿಗೂ ಕೊಡದೆ ಯಾರಾದರೂ ತೀರಿಕೊಂಡರೆ ಆ ಪದಕ್ಕೆ ವಾರಸುದಾರರಿಲ್ಲ, ಬರೀ ಸದ್ದು. ಅಂಥ ಪದಗಳನ್ನು ನಾಯಿಗೆ, ಎತ್ತಿಗೆ ಹೆಸರಿಡುತ್ತೇವೆ. ನಮ್ಮ ಗಿರಣಿ ಬಾಗಿಲಲ್ಲಿ ಮಲಗುವ ನಾಯಿಯ ಹೆಸರು ಪ್ಲೆಥೊರಾ. ಒಳ್ಳೇ ನಾಯಿ, ಯಾರನ್ನೂ ಕಚ್ಚಿಲ್ಲ.

ಇನ್ನು ನನ್ನ ಕಥೆ. ನನಗೆ ಅರ್ಥಗಳು ಬರುವುದು ಸಲೀಸು. ಯಾರೇ ಹೇಳಲಿ, ಉದಾಹರಣೆ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಬಂದದ್ದು ಸಂಜೆಯವರೆಗೆ ಉಳಿದರೆ ಹೆಚ್ಚು. ಗಿರಣಿಗೆ ಬಂದ ಮೊದಲನೆಯವಳು, "ಏನಕ್ಕ, ಮುಖ ಅರಳಿದೆ, ಏನು ಸಮಾಚಾರ?" ಅಂದರೆ ಮುಗಿಯಿತು. ಒಳ್ಳೆಯದು ಗೊತ್ತಾದ ಮೇಲೆ ಇನ್ನೊಬ್ಬರಿಗೆ ಹೇಳದೆ ಇರುವುದಾದರೂ ಹೇಗೆ ಹೇಳಿ? ನನಗಂತೂ ಹೊಟ್ಟೆ ಉಬ್ಬರಿಸುತ್ತದೆ. ಹೀಗೆ ಊರಿನ ಅರ್ಧ ಅರ್ಥಗಳು ನನ್ನ ಕೈಯಿಂದಲೇ ದಾಟಿ ಹೋಗಿವೆ. ನನ್ನ ಹತ್ತಿರ ಉಳಿದದ್ದು ನಾನು ಕೊಟ್ಟ ಉದಾಹರಣೆಗಳು ಮಾತ್ರ. ಪ್ರೊಕ್ರಾಸ್ಟಿನೇಟ್ ಎಂಬುದಕ್ಕೆ ನನ್ನ ಉದಾಹರಣೆ ನಮ್ಮ ಮೈದುನನ ಕಾಂಪೌಂಡ್ ಗೋಡೆ. ಪ್ರತಿ ವರ್ಷ ದೀಪಾವಳಿ ಕಳೀಲಿ ಅನ್ನುತ್ತಾನೆ, ಇವತ್ತಿಗೂ ಕಟ್ಟಿಲ್ಲ. ಆ ಗೋಡೆಗೂ ಆ ಪದಕ್ಕೂ ಏನು ಸಂಬಂಧ ಎಂದು ಈಗ ಕೇಳಿದರೆ ದೇವರಾಣೆ ಗೊತ್ತಿಲ್ಲ.

ಆ ಮೈದುನನ ಹೆಂಡತಿ, ನನ್ನ ಓರಗಿತ್ತಿ ಕಾತ್ಯಾಯಿನಿ. ಅವಳದು ಕಬ್ಬಿಣದ ಪೆಟ್ಟಿಗೆ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಅವಳು ಇಟ್ಟುಕೊಂಡಿರುವ ಪದಗಳಲ್ಲಿ ಗ್ಯಾರುಲಸ್ ಎಂಬುದನ್ನು ಕೊಟ್ಟವಳು ನಾನೇ. ಆವತ್ತಿನಿಂದ ನನ್ನನ್ನು ಕಂಡಾಗಲೆಲ್ಲ, "ನಮ್ಮ ಅಕ್ಕ ಬಾಳ ಗ್ಯಾರುಲಸ್" ಎಂದು ಬೆರಳುಗಳನ್ನು ಹಕ್ಕಿಯ ಕೊಕ್ಕಿನ ಹಾಗೆ ಪಟಪಟ ಆಡಿಸಿ ನಗುತ್ತಾಳೆ. ನಾನೂ ನಗುತ್ತೇನೆ. ಹೊಗಳಿಕೆಯೇ ಇರಬೇಕು.

ಇದೆಲ್ಲ ಇರಲಿ, ಒಂದೇ ಒಂದು ವಿಷಯಕ್ಕೆ ಮಾತ್ರ ನನಗೆ ಹೊಟ್ಟೆಯುರಿ. ಸುಗ್ಗಿ ಮುಗಿದ ಮೇಲೆ ನಮ್ಮಲ್ಲಿ ಪದದ ಹಬ್ಬ ಆಗುತ್ತದೆ. ಊರೆಲ್ಲ ಸಭಾಭವನದಲ್ಲಿ ಸೇರುತ್ತದೆ. ಅಂಚೆ ಮಾಸ್ತರು ಚೆನ್ನವೀರಯ್ಯನವರು ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಅರ್ಥ ಇಟ್ಟುಕೊಂಡವರು ಎದ್ದು ನಿಂತು ತಮ್ಮ ಪದ ಹೇಳಬೇಕು. ಆಗ ಸಭೆಯೆಲ್ಲ ಒಂದೇ ಕೊರಳಿನಲ್ಲಿ, "ಉಳೀಲಿ!" ಎಂದು ಕೂಗುತ್ತದೆ. ಅಷ್ಟೇ. ಹಾರವಿಲ್ಲ, ಶಾಲಿಲ್ಲ. ಆದರೂ ಹೇಳುತ್ತೇನೆ, ಊರಿಗೆ ಊರೇ ನಿಮಗಾಗಿ ಒಂದು ಸಲ ಉಳೀಲಿ ಅಂದರೆ ಹೇಗಿರುತ್ತದೆ? ನನಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ನನ್ನ ಹೆಸರು ಕೂಗುತ್ತಿದ್ದರು, ನಾನು ಕೂತಲ್ಲಿಂದಲೇ, "ಇಲ್ಲ ಸ್ವಾಮಿ, ಕೊಟ್ಟುಬಿಟ್ಟೆ" ಅನ್ನುತ್ತಿದ್ದೆ, ಸಭೆ ಗೊಳ್ಳೆಂದು ನಗುತ್ತಿತ್ತು. ನಾನೂ ಅವರಿಗಿಂತ ಜೋರಾಗಿ ನಗುತ್ತಿದ್ದೆ. ಮನೆಗೆ ಬಂದು ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಮಾತ್ರ ಕಣ್ಣು ಒದ್ದೆಯಾಗುತ್ತಿತ್ತು.

ನಮ್ಮ ಯಜಮಾನರದು ಇದಕ್ಕೆ ತದ್ವಿರುದ್ಧ. ಅವರ ಹತ್ತಿರ ಇದ್ದದ್ದು ಒಂದೇ ಪದ, ನನ್ನನ್ನು ಮದುವೆಯಾಗುವ ಮೊದಲಿನಿಂದ. ಪ್ರತಿ ಹಬ್ಬಕ್ಕೂ ಎದ್ದು ನಿಂತು, "ಇನೆಫಬಲ್" ಅನ್ನುತ್ತಿದ್ದರು, ಸಭೆ ಉಳೀಲಿ ಅನ್ನುತ್ತಿತ್ತು, ಪಂಚೆ ಸರಿ ಮಾಡಿಕೊಂಡು ಕೂರುತ್ತಿದ್ದರು. ಅದರ ಅರ್ಥಕ್ಕಾಗಿ ನಾನು ಕಾಡಿದ್ದು ಅಷ್ಟಿಷ್ಟಲ್ಲ. "ರೀ, ಕಟ್ಟಿಕೊಂಡ ಹೆಂಡ್ತಿ ಕಣ್ರೀ ನಾನು, ನನಗೂ ಹೇಳಬಾರ್ದಾ?" ಅಂದರೆ ಜರಡಿ ಕೊಡವುತ್ತಾ, "ನೋಡೋಣ" ಅನ್ನುತ್ತಿದ್ದರು. ನನಗೆ ಕೊಟ್ಟರೆ ಸಂಜೆಗೆ ಬಸ್ ಸ್ಟ್ಯಾಂಡು ಮುಟ್ಟುತ್ತದೆ ಎಂದು ಅವರಿಗೆ ಗೊತ್ತಿತ್ತು. ಜಿಪುಣ ಎಂದು ಬೈದು ಸುಮ್ಮನಾಗುತ್ತಿದ್ದೆ.

ಹೀಗಿರುವಾಗ ಕಳೆದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಫಿಲೋಮಿನಾ ಟೀಚರ್ ನನ್ನನ್ನು ಕರೆಸಿದರು. ಅವರಿಗೆ ವಯಸ್ಸಾಗಿದೆ, ಮಂಡಿನೋವು, ಒಂದೊಂದಾಗಿ ತಮ್ಮ ಪದಗಳನ್ನು ದಾಟಿಸುತ್ತಿದ್ದಾರೆ. "ಮಂಗಳಾ, ಇದು ನನ್ನ ಹತ್ತಿರ ಇರೋದರಲ್ಲೆಲ್ಲ ಚೆಂದದ್ದು. ನಿನ್ನ ಮುಖಕ್ಕೆ ಒಪ್ಪುತ್ತೆ. ಆದ್ರೆ ಈ ಸಲ ಹಬ್ಬದವರೆಗಾದ್ರೂ ಬಾಯಿ ಹೊಲ್ಕೋ" ಅಂದರು. ಪದ ಇಬುಲಿಯಂಟ್. ಟೀಚರ್ ಅರ್ಥ ಬಿಡಿಸಿ ಹೇಳಿದರು. ನನ್ನ ಉದಾಹರಣೆ ನೆನಪಿದೆ: ಗಿರಣಿಗೆ ಹೊಸ ಮಿಷನ್ ಬಂದ ದಿನ ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿದ್ದರೂ ಉರಿ ಆರಿಸದೆ, ಸೌಟು ಹಿಡಿದುಕೊಂಡು ಅಂಗಳದಲ್ಲಿ ಕುಣಿದಿದ್ದೆ. "ಹಾಲೂ ಉಕ್ತು, ನಾನೂ ಉಕ್ಕಿದೆ ಟೀಚರ್" ಅಂದೆ. ಅವರು ಕಣ್ಣು ಪಿಳಿಪಿಳಿ ಬಿಟ್ಟರು. ನಾನು ನೀರು ತಂದುಕೊಟ್ಟೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ವ್ರತ. ಬೆಳಗಾದರೆ ಬಾಯಿಗೊಂದು ಲವಂಗ ಹಾಕಿಕೊಳ್ಳುತ್ತಿದ್ದೆ. ಇಬುಲಿಯಂಟ್ ಎಂಬ ಸದ್ದು ಗಂಟಲಿಗೆ ಬಂದರೆ ಲವಂಗ ಕಚ್ಚುತ್ತಿದ್ದೆ. ಹೆಂಗಸರು ಬಂದರೆ ಸೊಸೆಯಂದಿರ ವಿಷಯ, ಸೊಂಟನೋವಿನ ವಿಷಯ, ಮೆಣಸಿನಕಾಯಿಯ ರೇಟು, ಏನು ಬೇಕಾದರೂ ಮಾತಾಡುತ್ತಿದ್ದೆ, ಸಂತೋಷದ ವಿಷಯ ಬಂದ ಕೂಡಲೇ ತಕ್ಕಡಿ ಸರಿಯಿಲ್ಲ ಎಂದು ಎದ್ದುಬಿಡುತ್ತಿದ್ದೆ. ಕಾತ್ಯಾಯಿನಿ ಬೇಕಂತಲೇ ದಿನಾ ಅಕ್ಕಿ ಬೀಸಿಸಲು ಬರತೊಡಗಿದಳು. "ಅಕ್ಕ, ಟೀಚರ್ ಕೊಟ್ರಂತಲ್ಲ, ಒಂಚೂರು ಹೇಳೇ, ನಾನ್ಯಾರಿಗೂ ಹೇಳಲ್ಲ" ಅನ್ನುತ್ತಿದ್ದಳು. ಅವಳು ಯಾರಿಗೂ ಹೇಳುವುದಿಲ್ಲ ಎಂಬುದೇ ತೊಂದರೆ. ನಾನು ಲವಂಗ ಕಚ್ಚಿ ಅವಳ ಡಬ್ಬಿಯ ಮುಚ್ಚಳ ಜಡಿಯುತ್ತಿದ್ದೆ. ಯಜಮಾನರು ಒಳಗಿನಿಂದ ನೋಡಿ ಹಿಟ್ಟು ಹತ್ತಿದ ಮೀಸೆಯಲ್ಲೇ ನಗುತ್ತಿದ್ದರು.

ಹಬ್ಬದ ದಿನ ಬಂತು, ಅರ್ಥ ನನ್ನ ಹತ್ತಿರವೇ ಇತ್ತು! ಊರಿಗೆಲ್ಲ ಮೊದಲೇ ಡಂಗುರ ಹೊಡೆದಿದ್ದೆ, ಈ ಸಲ ಮಂಗಳಮ್ಮ ಎದ್ದು ನಿಲ್ಲುತ್ತಾಳೆ ಎಂದು. ಗಿಣಿಹಸಿರಿನ ಹೊಸ ಸೀರೆ ತೆಗೆದಿಟ್ಟಿದ್ದೆ. ಹಬ್ಬದ ಅಡುಗೆಗೆ ಹಿಟ್ಟು ಬೇಕೆನ್ನುವವರಿಗಾಗಿ ಬೆಳಿಗ್ಗೆ ಸ್ವಲ್ಪ ಹೊತ್ತು ಗಿರಣಿ ತೆರೆದಿದ್ದೆವು. ಇನ್ನೇನು ಮುಚ್ಚುವ ಹೊತ್ತಿಗೆ ಬಂದ ಬಸ್ಸು ಹುಣಸೆಮರ ಸುತ್ತುವ ಮುಂಚೆಯೇ ಅದರಿಂದ ಧುಮುಕಿ ಒಬ್ಬಳು ನಮ್ಮ ಕಡೆಗೆ ಓಡಿ ಬಂದಳು. ನೋಡಿದರೆ ಜಬೀನಾ.

ಜಬೀನಾ ನಮ್ಮ ಹಿಂದಿನ ಬೀದಿಯವಳು, ಅವಳ ಮಾವನ ಲಾರಿಯಲ್ಲಿ ಡ್ರೈವಿಂಗ್ ಕಲಿತವಳು. ಹೆವಿ ಲೈಸೆನ್ಸಿಗಾಗಿ ಪರೀಕ್ಷೆಗೆ ಹೋಗುವುದು, ರಿವರ್ಸ್ ಹೊಡೆಯುವಾಗ ಕಂಬಕ್ಕೆ ತಾಗಿಸುವುದು, ಮುಖ ಇಳಿಬಿಟ್ಟುಕೊಂಡು ವಾಪಸು ಬರುವುದು, ಇದೇ ಆಗಿತ್ತು. ಹೆಂಗಸಿಗ್ಯಾಕೆ ಲಾರಿ ಎಂದು ಕೇಳದವರಿಲ್ಲ. ಆವತ್ತು ಬಂದವಳೇ ನಾಯಿಯ ಮುಂಗಾಲು ಹಿಡಿದು ಕುಣಿಸಿದಳು. ನನ್ನನ್ನು ತಬ್ಬಿಕೊಂಡಳು. ತಕ್ಕಡಿಗೂ ಮುತ್ತು ಕೊಟ್ಟಳು. ಬಿಕ್ಕಿ ಬಿಕ್ಕಿ ಅಳುತ್ತಲೇ ನಕ್ಕಳು.

"ಅಕ್ಕಾ, ಪಾಸಾದೆ! ಕಂಬ ಅಲ್ಲಾಡ್ಲೂ ಇಲ್ಲ! ಸಾಹೇಬ್ರು ಇಳಿದು ಬಂದು ಸಲಾಂ ಹೊಡುದ್ರು ಅಕ್ಕಾ!" ಎಂದವಳು ಇದ್ದಕ್ಕಿದ್ದಂತೆ ನನ್ನ ಎರಡೂ ಕೈ ಹಿಡಿದುಕೊಂಡಳು. "ನನಗೇನೋ ಆಗ್ತಿದೆ. ಕಾಲು ನಿಲ್ತಿಲ್ಲ, ಎದೆ ನಿಲ್ತಿಲ್ಲ. ಬಸ್ಸಲ್ಲಿ ಎಲ್ರನ್ನೂ ಕೇಳ್ದೆ, ಇದಕ್ಕೇನಂತಾರೆ ಅಂತ. ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತಾ ಅಕ್ಕಾ?"

ಬೇರೆ ಊರಿನವರಿಗೆ ಇದು ತಿಳಿಯಲಾರದು. ನಮ್ಮಲ್ಲಿ, ಆಗುತ್ತಿರುವುದಕ್ಕೆ ಹೆಸರು ಸಿಗದಿದ್ದರೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ ಒದ್ದಾಟ. ನಾನು ಲವಂಗ ಕಚ್ಚಿದೆ. ಒಳಗಿನಿಂದ ಯಜಮಾನರು ಮಿಷನ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮಧ್ಯಾಹ್ನದವರೆಗೆ ತಡಿ ಕಣೇ, ಹಬ್ಬ ಮುಗೀಲಿ, ಆಮೇಲೆ ಹೇಳ್ತೀನಿ ಅನ್ನಬಹುದಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಅವಳು ಹೀಗೇ ಇರುತ್ತಾಳೆಯೇ? ಉಕ್ಕಿದ್ದು ಇಳಿದ ಮೇಲೆ ಹೆಸರು ಹೇಳಿ ಏನು ಪ್ರಯೋಜನ? ಲವಂಗವನ್ನು ಬೀದಿಗೆ ಉಗುಳಿದೆ.

"ಕೂತ್ಕೋ. ಅದಕ್ಕೆ ಇಬುಲಿಯಂಟ್ ಅಂತಾರೆ" ಎಂದು ಬಿಡಿಸಿ ಹೇಳಿದೆ. ಅವಳು ಕೂರಲಿಲ್ಲ. ಎರಡು ಕಂಬಗಳ ನಡುವೆ ಲಾರಿ ಹಿಂದಕ್ಕೆ ನೆಟ್ಟಗೆ ಹೋಗಿ ನಿಂತಾಗ, ಇಂಜಿನ್ ಆಫ್ ಮಾಡಿದರೂ ತನ್ನೊಳಗಿನ ಇಂಜಿನ್ ಆಫ್ ಆಗಲೇ ಇಲ್ಲ ಎಂದು ಉದಾಹರಣೆ ಕೊಟ್ಟಳು. ಸರಿ ಬಿತ್ತು. "ಏನು ಹೇಳ್ತಿದ್ದೆ ನಾನು?" ಎಂದು ಕೇಳಿದೆ. ಅವಳು ನನ್ನ ಕೆನ್ನೆ ಹಿಂಡಿ ಓಡಿದಳು. ನಾನೂ ಯಾಕೋ ಖುಷಿಯಲ್ಲಿ ನಗುತ್ತಾ ನಿಂತಿದ್ದೆ. ಯಜಮಾನರು ಒಂದು ಲೋಟ ನೀರು ತಂದು ಕೈಗಿಟ್ಟಾಗ ಜ್ಞಾಪಕಕ್ಕೆ ಬಂತು, ಇವತ್ತು ಹಬ್ಬ. ಅಯ್ಯೋ ಶಿವನೇ ಎಂದು ಗೋಧಿ ಚೀಲದ ಮೇಲೆ ಕೂತುಬಿಟ್ಟೆ.

ಹೋಗುವುದಿಲ್ಲ ಎಂದೆ. ಅವರೇ ಹೊಸ ಸೀರೆಯ ಮಡಿಕೆ ಬಿಡಿಸಿ ಕೊಟ್ಟರು. ಸಭಾಭವನ ತುಂಬಿತ್ತು. ಕಾತ್ಯಾಯಿನಿ ಎದ್ದು ತನ್ನ ಪದಗಳನ್ನು ಮಾಲೆಯ ಹಾಗೆ ಒಂದಾದ ಮೇಲೊಂದು ಹೇಳಿದಳು. ಪ್ರತಿಯೊಂದಕ್ಕೂ ಉಳೀಲಿ, ಉಳೀಲಿ. ಜಬೀನಾ ಎದ್ದು, ಇಬುಲಿಯಂಟ್ ಎಂದು ಅರಚಿದಾಗ ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿದವು. ಊರಿಗೆ ಆಗಲೇ ವಿಷಯ ಅರ್ಥವಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ಚೆನ್ನವೀರಯ್ಯನವರು ಕನ್ನಡಕ ಸರಿ ಮಾಡಿಕೊಂಡು ಮೆತ್ತಗೆ, "ಸರ್ವಮಂಗಳಮ್ಮ" ಅಂದರು.

ನನಗೆ ನಗು ಬರಲಿಲ್ಲ. ಎಲ್ಲಿತ್ತೋ ಸಿಟ್ಟು, ಎದ್ದು ನಿಂತೆ. "ಇಲ್ಲ ಸ್ವಾಮಿ, ಈ ಸಲವೂ ಇಲ್ಲ. ಬೆಳಿಗ್ಗೆವರೆಗೂ ಇತ್ತು. ನಗೋರು ನಕ್ಕುಬಿಡಿ. ನನಗೂ ಆಸೆ ಇತ್ತು, ಒಂದೇ ಒಂದು ಸಲ ನೀವೆಲ್ಲ ನನಗೂ ಉಳೀಲಿ ಅನ್ನೋದನ್ನ ಕೇಳ್ಬೇಕು ಅಂತ" ಎಂದೆ. ಯಾರೂ ನಗಲಿಲ್ಲ. ಜಬೀನಾ ಎದ್ದು, "ಅಕ್ಕಾ, ವಾಪಸ್ ತಗೊಳ್ಳಿ" ಎಂದು ಬೆಂಚು ದಾಟಿ ಬರತೊಡಗಿದಳು. "ಸುಮ್ನೆ ಕೂತ್ಕೊಳ್ಳೇ. ಅದು ಇವತ್ತು ನಿಂದೇ. ನನ್ನ ಹತ್ರ ಅದಕ್ಕೆ ಉದಾಹರಣೆ ಇಲ್ಲ ಈಗ" ಎಂದು ಗದರಿದೆ.

ಆಗ ಗಂಡಸರ ಕಡೆಯಿಂದ ನಮ್ಮ ಯಜಮಾನರು ಎದ್ದರು. ಅವರ ಹೆಸರನ್ನು ಇನ್ನೂ ಕೂಗಿರಲಿಲ್ಲ. ನಡುವಿನ ದಾರಿಯಲ್ಲಿ ನಡೆದು ಬಂದು ನನ್ನ ಎದುರು ನಿಂತರು. ಕಿವಿಯ ಹಿಂದೆ ಇನ್ನೂ ಹಿಟ್ಟಿತ್ತು, ಸ್ನಾನ ಮಾಡಿದರೂ ಅವರಿಗೆ ಅದು ಹೋಗುವುದಿಲ್ಲ. "ಮಂಗಳಾ, ಇನೆಫಬಲ್ ಅಂದ್ರೆ ಏನು ಅಂತ ಕೇಳ್ತಿದ್ಯಲ್ಲ" ಅಂದರು. ಸಭೆಯಲ್ಲಿ ಗುಸುಗುಸು ಎದ್ದಿತು. ಮುರಿಗೆಪ್ಪ ಇಷ್ಟು ಉದ್ದದ ಮಾತಾಡಿದ್ದನ್ನು ಕೇಳಿದವರೇ ಅಲ್ಲಿರಲಿಲ್ಲ.

"ಮಿಷನ್ ಆಫ್ ಮಾಡ್ದಾಗ ಕಿವಿ ಗುಂಯ್ ಅಂತಿರುತ್ತೆ. ಏನೂ ಕೇಳ್ಸಲ್ಲ. ಆಮೇಲೆ ನಿಧಾನಕ್ಕೆ ಹೊರಗಡೆಯಿಂದ ನಿನ್ನ ಮಾತು ಕೇಳ್ಸಕ್ಕೆ ಶುರುವಾಗುತ್ತೆ. ಯಾರಿಗೋ ಏನೋ ಹೇಳ್ತಿರ್ತೀಯ. ಮೆಣಸಿನಕಾಯಿ ವಿಷಯವೋ, ಯಾರ ಸೊಂಟದ ವಿಷಯವೋ. ಆಗ ನನಗಿಲ್ಲಿ" ಎಂದು ಎದೆ ಮುಟ್ಟಿಕೊಂಡರು, "ಒಂಥರಾ ಆಗುತ್ತೆ. ಮದುವೆಯಾದಾಗಿಂದ್ಲೂ ಆಗುತ್ತೆ. ಅದನ್ನ ನಿನಗೆ ಹೇಳ್ಬೇಕು ಅಂತ ಎಷ್ಟೋ ಸಲ ಹೊರಗೆ ಬಂದಿದೀನಿ. ಯಾವ ಮಾತು ತಂದ್ರೂ ಅದಕ್ಕೆ ಸಾಲಲ್ಲ. ಮಾತು ಚಿಕ್ಕದಾಗುತ್ತೆ, ಅದು ದೊಡ್ಡದಾಗುತ್ತೆ. ಹಂಗೆ ಬಾಯಿಗೆ ಸಿಗದೇ ಇರೋ ಅಂಥದ್ದು ಯಾವುದೈತೋ, ಅದು ಇನೆಫಬಲ್."

ಚೆನ್ನವೀರಯ್ಯನವರು ಪಿಸುದನಿಯಲ್ಲಿ, "ಉದಾಹರಣೆ, ಮಂಗಳಮ್ಮ" ಎಂದು ನೆನಪಿಸಿದರು.

ಬಾಯಿ ತೆರೆದೆ. ಏನೂ ಬರಲಿಲ್ಲ. ಇನ್ನೊಂದು ಸಲ ತೆರೆದೆ. ನೋಡಿ, ಹುಟ್ಟಿದಾಗಿನಿಂದ ನನಗೆ ಮಾತಿಗೆ ಬರವಿಲ್ಲ, ಸೂಲಗಿತ್ತಿಯ ಕೈಯಲ್ಲೇ ಮಾತು ಶುರು ಮಾಡಿದ್ದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಆ ಹಿಟ್ಟಿನ ಕಿವಿಯ ಮನುಷ್ಯನ ಮುಂದೆ ನನ್ನ ನಾಲಿಗೆ ಏಳಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ತೆರೆದೇ ಇತ್ತು, ಸದ್ದಿಲ್ಲ. ನಾನು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಮ್ಮೂರು ಕಂಡದ್ದು ಅವತ್ತೇ ಮೊದಲು.

ಮೊದಲು ಅರ್ಥವಾದದ್ದು ಕಾತ್ಯಾಯಿನಿಗೆ. "ಅಯ್ಯೋ, ಸರಿ ಬಿತ್ತು! ಅದೇ ಉದಾಹರಣೆ!" ಎಂದು ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದಳು. ಯಜಮಾನರು ಕಣ್ಣು ಪಿಳಿಪಿಳಿ ಬಿಟ್ಟು ಸುತ್ತ ನೋಡಿದರು. "ಏನು ಹೇಳ್ತಿದ್ದೆ ನಾನು?" ಅಂದರು. ನಾನು ಎರಡೂ ಕೈಯಿಂದ ಮುಖ ಒರೆಸಿಕೊಂಡು, "ಇನೆಫಬಲ್" ಎಂದೆ. ಊರಿಗೆ ಊರೇ, ನನ್ನ ಕೈಯಿಂದ ಒಂದಲ್ಲ ಒಂದು ಅರ್ಥ ತೆಗೆದುಕೊಂಡು ಹೋದವರೆಲ್ಲ, ಎದ್ದು ನಿಂತು ಕೂಗಿದರು: "ಉಳೀಲಿ!" ಸಭಾಭವನದ ಹೆಂಚಿನ ಧೂಳು ನನ್ನ ಹೊಸ ಸೀರೆಯ ಮೇಲೆ ಉದುರಿತು. ಹೇಗಿರುತ್ತದೆ ಎಂದು ಈಗ ನನಗೆ ಗೊತ್ತು.

ಮರುದಿನವೇ ನನಗೆ ಮಾತು ವಾಪಸು ಬಂತು, ಗಾಬರಿಪಡಬೇಡಿ. ಗಿರಣಿಗೆ ಬಂದ ಮೊದಲನೆಯವಳಿಗೇ ಅರ್ಥ ಹೇಳಿಬಿಟ್ಟೆ. ಎರಡನೆಯವಳಿಗೂ ಹೇಳಿದೆ. ಊರಲ್ಲಿ ನಾನು ಹೇಳದವರಿಲ್ಲ. ಆದರೆ ಆಶ್ಚರ್ಯ ಏನು ಗೊತ್ತೇ, ಅದು ಯಾರಿಗೂ ದಾಟುತ್ತಿಲ್ಲ. ಕಾತ್ಯಾಯಿನಿ ಎಲೆ ಅಡಿಕೆ, ಬಾಳೆಹಣ್ಣು ಹಿಡಿದುಕೊಂಡು ಬಂದು ಬಿಸಿ ಜಾಮೂನಿನ ರುಚಿ ಎಂದು ಉದಾಹರಣೆ ಕೊಟ್ಟಳು. ಜಾಮೂನಿನ ಬಗ್ಗೆ ನಾನು ಒಂದು ತಾಸು ಮಾತಾಡಬಲ್ಲೆ, ಅದಾಗಲಿಲ್ಲ. ಈಗ ಬಸ್ಸು ಓಡಿಸುವ ಜಬೀನಾ ಹುಣಸೆಮರದ ಹತ್ತಿರ ಹಾರನ್ ಹೊಡೆದು ದಿನಕ್ಕೊಂದು ಉದಾಹರಣೆ ಕೂಗಿ ಹೋಗುತ್ತಾಳೆ. ಅದೂ ಆಗಲಿಲ್ಲ. ಉದಾಹರಣೆ ಕೊಡಲು ಎಲ್ಲರೂ ಮಾತೇ ಆಡುತ್ತಾರಲ್ಲ, ಏನು ಮಾಡಲಿ. ಹಾಗಾಗಿ ಅದು ನನ್ನ ಹತ್ತಿರವೇ ಇದೆ. ಈ ಸಲದ ಹಬ್ಬಕ್ಕೂ ಎದ್ದು ನಿಲ್ಲುತ್ತೇನೆ.

ಯಜಮಾನರ ಹತ್ತಿರ ಈಗ ಒಂದು ಪದವೂ ಇಲ್ಲ. ಸಂಜೆ ಮಿಷನ್ ಆಫ್ ಮಾಡಿ, ಹಿಟ್ಟು ಕೊಡವಿಕೊಂಡು ಹೊರಗೆ ಬಂದು ನನ್ನ ಪಕ್ಕ ಗೋಧಿ ಚೀಲದ ಮೇಲೆ ಕೂರುತ್ತಾರೆ. "ಮಂಗಳಾ, ಆ ಪದದ ಅರ್ಥ ಏನು?" ಅನ್ನುತ್ತಾರೆ. ನಾನು ಮೊದಲಿನಿಂದ ಹೇಳುತ್ತೇನೆ, ಮಿಷನ್ನಿನ ಸದ್ದು, ಗುಂಯ್ ಅನ್ನುವ ಕಿವಿ, ಮೆಣಸಿನಕಾಯಿ, ಎಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಕೇಳುವಾಗ ಅವರ ಮುಖ ನೋಡಿದರೆ ಉದಾಹರಣೆ ಅವರಿಗೆ ಗೊತ್ತೇ ಇದೆಯೇನೋ, ನನ್ನಿಂದ ಅರ್ಥ ಹೋಗದಿರಲಿ ಎಂದು ತಡೆದುಕೊಂಡಿದ್ದಾರೇನೋ ಎಂದು ನನಗೆ ಗುಮಾನಿ. ಹೇಳಿ ಮುಗಿಸಿ, "ಎಲ್ಲಿ, ಉದಾಹರಣೆ ಕೊಡಿ ನೋಡೋಣ" ಅನ್ನುತ್ತೇನೆ. ಅವರು ಕಿವಿಯ ಹಿಂದಿನ ಹಿಟ್ಟು ಒರೆಸಿಕೊಳ್ಳುತ್ತಾರೆ.

"ಗೊತ್ತಾಗ್ಲಿಲ್ಲ" ಅನ್ನುತ್ತಾರೆ. "ಇನ್ನೊಂದ್ಸಲ ಹೇಳು."